ಕ್ಯಾಮೆರಾ ಟ್ರ್ಯಾಪಿನ ಸೆಲ್ಲುಗಳು: ರಾತ್ರಿಯೊಂದಕ್ಕೆ ತಗಲುವ ವೆಚ್ಚವೆಷ್ಟು?

ಲೆಕ್ಕ ಪರಿಶೋಧನೆಯ ಕಾಲದಲ್ಲಿ ದೊಡ್ಡ ಮೊತ್ತಗಳಿಗಿಂತ ಚಿಕ್ಕ ಮೊತ್ತಗಳೇ ಕೆಲವೊಮ್ಮೆ ಹೆಚ್ಚಿನ ಸಂಗತಿಯನ್ನು ಹೇಳುತ್ತವೆ. ಸಕಲೇಶಪುರ ತಾಲ್ಲೂಕಿನ ಕಾಫಿ ತೋಟವೊಂದರ ಲೆಕ್ಕಪತ್ರಗಳನ್ನು ನೋಡುತ್ತಿದ್ದಾಗ ‘ಇತರೆ ಖರ್ಚು’ ಎಂಬ ಶೀರ್ಷಿಕೆಯಡಿ ‘ಪೆನ್ಸಿಲ್ ಸೆಲ್’ ಎಂಬ ನಮೂದು ಹತ್ತು ಹನ್ನೆರಡು ದಿನಗಳಿಗೊಮ್ಮೆ ತಪ್ಪದೆ ಬಂದುದನ್ನು ಕಂಡೆನು. ಗಡಿಯಾರಕ್ಕೂ ಟಿ.ವಿ. ರಿಮೋಟಿಗೂ ಇಷ್ಟೊಂದು ಸೆಲ್ಲುಗಳು ಏತಕ್ಕೆ ಎಂದು ತೋಟದ ರೈಟರನ್ನು ವಿಚಾರಿಸಿದೆನು. ‘ಸಾರ್, ಅದು ಆನೆ ಕ್ಯಾಮೆರಾದ್ದು’ ಎಂದು ಉತ್ತರ ಬಂದಿತು.

ಸಕಲೇಶಪುರ, ಆಲೂರು ಭಾಗದ ತೋಟಗಳಲ್ಲಿ ಕಾಡಾನೆಗಳ ಸಂಚಾರ ಎಷ್ಟರಮಟ್ಟಿಗಿದೆ ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಾಗಿಲ್ಲ. ಆ ತೋಟದವರು ಆನೆಗಳು ಬರುವ ದಾರಿಯಲ್ಲಿ ನಾಲ್ಕು ಕ್ಯಾಮೆರಾ ಟ್ರ್ಯಾಪ್‌ಗಳನ್ನು ಮರಕ್ಕೆ ಕಟ್ಟಿಸಿದ್ದರು. ರೈಟರು ಬೆಳಿಗ್ಗೆ ಚಿತ್ರಗಳನ್ನು ನೋಡಿ, ಯಾವ ಕಡೆ ಕೆಲಸಕ್ಕೆ ಹೋಗಬಹುದು, ಯಾವ ಕಡೆ ಹೋಗಬಾರದು ಎಂದು ಲೈನ್ ಮನೆಗಳವರಿಗೆ ತಿಳಿಸುವುದು ಏರ್ಪಾಡು. ಒಂದು ಅಕ್ಟೋಬರ್ ತಿಂಗಳಲ್ಲಿ ಹಳ್ಳದ ದಾರಿಯ ಕ್ಯಾಮೆರಾದಲ್ಲಿ ಸತತವಾಗಿ ಒಂಬತ್ತು ದಿನ ಯಾವ ಚಿತ್ರವೂ ಇರಲಿಲ್ಲ. ಆನೆಗಳು ಬೇರೆ ಕಡೆಗೆ ಹೋಗಿವೆ ಎಂದು ಎಲ್ಲರೂ ಭಾವಿಸಿದರು. ಹತ್ತನೆಯ ದಿನ ಬೆಳಗಿನ ಜಾವ ಹಾಲು ತರಲು ಅದೇ ದಾರಿಯಲ್ಲಿ ಹೊರಟ ಹೆಣ್ಣುಮಗಳೊಬ್ಬಳಿಗೆ ಇಪ್ಪತ್ತು ಗಜದ ಅಂತರದಲ್ಲಿ ಒಂಟಿ ಸಲಗ ಎದುರಾಯಿತು. ಆಕೆ ಕಾಫಿ ಗಿಡಗಳ ನಡುವೆ ಉರುಳಿ ಪಾರಾದುದು ದೈವಕೃಪೆ. ಆಮೇಲೆ ಕ್ಯಾಮೆರಾ ಬಿಚ್ಚಿ ನೋಡಿದರೆ, ಅದು ಮೂರನೆಯ ರಾತ್ರಿಯೇ ನಿಂತುಹೋಗಿತ್ತು. ಮೆಮೊರಿ ಕಾರ್ಡನ್ನು ಮಾತ್ರ ಬದಲಿಸುತ್ತಿದ್ದ ಆಳಿಗೆ ಅದು ತಿಳಿಯುವ ಸಂಭವವಿರಲಿಲ್ಲ.

ವ್ಯಾಪಾರವೇ ನಡೆಯದ ದಿನ ಬೇರೆ, ರೋಕಡಿ ಪುಸ್ತಕವನ್ನೇ ಬರೆಯದ ದಿನ ಬೇರೆ. ಎರಡೂ ಪುಟಗಳು ಖಾಲಿಯಾಗಿಯೇ ಕಾಣುತ್ತವೆ. ಕ್ಯಾಮೆರಾದ ಸೆಲ್ಲನ್ನು ಕೊಳ್ಳುವವನು ಮೊದಲು ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಡಬೇಕು. ಬೆಲೆಯ ವಿಚಾರ ಆಮೇಲಿನದು.

ಕ್ಯಾಮೆರಾ ಟ್ರ್ಯಾಪ್ ನಮ್ಮ ನಾಡಿಗೆ ಹೊಸದೇನೂ ಅಲ್ಲ. 1990ರ ದಶಕದ ಆರಂಭದಲ್ಲಿಯೇ ಡಾ. ಕೆ. ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಇದನ್ನು ಹುಲಿಗಳ ಅಂದಾಜಿಗೆ ಬಳಸಿದರು. 2018ರ ಅಖಿಲ ಭಾರತ ಹುಲಿ ಅಂದಾಜಿನಲ್ಲಿ 26,838 ಸ್ಥಳಗಳಲ್ಲಿ ಕ್ಯಾಮೆರಾಗಳನ್ನಿರಿಸಿ ಸುಮಾರು 3.48 ಕೋಟಿ ಚಿತ್ರಗಳನ್ನು ತೆಗೆಯಲಾಯಿತು. ಅದು ಗಿನ್ನೆಸ್ ದಾಖಲೆಗೂ ಸೇರಿತು. ಸ್ಥಳಕ್ಕೆ ಒಂದೇ ಕ್ಯಾಮೆರಾ, ಕ್ಯಾಮೆರಾಕ್ಕೆ ಎಂಟು ಸೆಲ್ ಎಂದು ಹಿಡಿದರೂ ಒಂದು ಸಲ ತುಂಬಲು 2,14,704 ಸೆಲ್ಲುಗಳು ಬೇಕು. ಈಗ ತೋಟಗಾರರೂ ಹೋಮ್‌ಸ್ಟೇ ನಡೆಸುವವರೂ ಈ ಉಪಕರಣವನ್ನು ಕೊಳ್ಳುತ್ತಿರುವುದರಿಂದ ವಿಷಯವು ನಮ್ಮ ವಿದ್ಯುತ್ ಸಾಮಗ್ರಿ ವರ್ತಕರಿಗೂ ಸಂಬಂಧಿಸಿದ್ದಾಗಿದೆ. (ಸ್ವಂತ ಜಮೀನಿನಲ್ಲಿ ಕಟ್ಟುವುದು ಬೇರೆ, ಅರಣ್ಯ ಪ್ರದೇಶದಲ್ಲಿ ಕಟ್ಟಲು ಇಲಾಖೆಯ ಅನುಮತಿ ಅಗತ್ಯ ಎಂಬುದನ್ನು ಮರೆಯಬಾರದು.)

ವಿದ್ಯುತ್ತು ಎಲ್ಲಿ ಖರ್ಚಾಗುತ್ತದೆ?

ಈ ಕ್ಯಾಮೆರಾ ಹೆಚ್ಚಿನ ಕಾಲ ನಿದ್ರಿಸುತ್ತಿರುತ್ತದೆ. ಎದುರಿನಲ್ಲಿ ಬಿಸಿಯಾದ ದೇಹವೊಂದು ಚಲಿಸಿದಾಗ ಅದರೊಳಗಿನ ಸಂವೇದಕ ಎಚ್ಚೆತ್ತು ಚಿತ್ರ ತೆಗೆಯುತ್ತದೆ. ಹಗಲಿನ ಚಿತ್ರಕ್ಕೆ ವಿದ್ಯುತ್ತು ಅಲ್ಪವೇ ಸಾಕು. ರಾತ್ರಿಯಲ್ಲಿ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ದೀಪಗಳ ಸಾಲು ಉರಿಯಬೇಕಾಗಿರುವುದರಿಂದ ಸೆಲ್ಲಿನ ಮೇಲೆ ಒಮ್ಮೆಲೇ ದೊಡ್ಡ ಹೊರೆ ಬೀಳುತ್ತದೆ.

ಉದಾಹರಣೆಗೆ, ನಿದ್ರೆಯ ಸ್ಥಿತಿಯಲ್ಲಿ 0.2 ಮಿಲಿ ಆಂಪಿಯರ್ ಎಳೆಯುವ ಕ್ಯಾಮೆರಾ ದಿನಕ್ಕೆ ಸುಮಾರು 5 ಮಿಲಿ ಆಂಪಿಯರ್-ಗಂಟೆ ವ್ಯಯಿಸುತ್ತದೆ. ದೀಪ ಉರಿಯುವಾಗ 500 ಮಿಲಿ ಆಂಪಿಯರ್ ಎಂದು ಹಿಡಿದರೆ, ಮೂರು ಸೆಕೆಂಡಿನ ಒಂದು ರಾತ್ರಿ ಚಿತ್ರಕ್ಕೆ 0.4 ಮಿಲಿ ಆಂಪಿಯರ್-ಗಂಟೆ; ಹದಿನೈದು ಸೆಕೆಂಡಿನ ವಿಡಿಯೋಕ್ಕೆ 2 ಮಿಲಿ ಆಂಪಿಯರ್-ಗಂಟೆಗಿಂತ ತುಸು ಹೆಚ್ಚು. ರಾತ್ರಿಗೆ ಇಪ್ಪತ್ತು ವಿಡಿಯೋ ಆದರೆ ದಿನದ ಒಟ್ಟು ಖರ್ಚು 47ರ ಆಸುಪಾಸು. ಅದೇ ಇಪ್ಪತ್ತು ಸಲ ಸ್ಥಿರಚಿತ್ರ ಮಾತ್ರ ತೆಗೆದರೆ 13ರ ಆಸುಪಾಸು. ಅಂದರೆ ಸೆಲ್ಲಿನ ಜಾತಿಯನ್ನು ಬದಲಿಸುವ ಮೊದಲು ಕ್ಯಾಮೆರಾದ ಹೊಂದಾಣಿಕೆಯನ್ನು ಬದಲಿಸಿದರೆ ಖರ್ಚಿನ ಬಹುಭಾಗ ಉಳಿಯುತ್ತದೆ. ಆನೆ ಬಂದಿತೇ ಇಲ್ಲವೇ ಎಂದು ತಿಳಿಯಲು ವಿಡಿಯೋ ಏತಕ್ಕೆ? ಅತಿಥಿಗಳಿಗೆ ತೋರಿಸಲು ಬೇಕೆನ್ನುವ ಹೋಮ್‌ಸ್ಟೇ ಮಾಲೀಕರ ಮಾತು ಬೇರೆ. ಹಾಗೆಯೇ ಕ್ಯಾಮೆರಾದ ಮುಂದೆ ಬಿಸಿಲಿಗೆ ಕಾದು ಗಾಳಿಗೆ ಆಡುವ ಜರಿಗಿಡವೊಂದಿದ್ದರೆ ಅದು ದಿನವಿಡೀ ಸುಳ್ಳು ಚಿತ್ರಗಳನ್ನು ತೆಗೆಸುತ್ತಿರುತ್ತದೆ. ಒಂದು ಕತ್ತಿಯ ಏಟಿನಿಂದ ತಪ್ಪಿಸಬಹುದಾದ ಖರ್ಚಿದು.

ಸಿಮ್ ಕಾರ್ಡ್ ಹಾಕಿ ಚಿತ್ರವನ್ನು ನೇರವಾಗಿ ಮೊಬೈಲಿಗೆ ಕಳುಹಿಸುವ ಕ್ಯಾಮೆರಾಗಳಿಗೆ ವಿದ್ಯುತ್ತು ಇನ್ನೂ ಹೆಚ್ಚು ಬೇಕು. ಸಿಗ್ನಲ್ ದುರ್ಬಲವಾಗಿರುವ ಕಡೆ ಅದು ಸೆಲ್ಲುಗಳನ್ನು ಬಹುಬೇಗ ಬರಿದುಮಾಡುತ್ತದೆ.

ನಾಲ್ಕು ಜಾತಿಯ ಸೆಲ್ಲುಗಳು

ಮಾರುಕಟ್ಟೆಯಲ್ಲಿ ದೊರೆಯುವ ಪೆನ್ಸಿಲ್ ಸೆಲ್, ಅಂದರೆ ‘ಡಬಲ್ ಎ’ ಗಾತ್ರದ್ದು, ಹೊರನೋಟಕ್ಕೆ ಒಂದೇ ಬಗೆಯದಾದರೂ ಒಳಗಿನ ವಸ್ತು ಬೇರೆ ಬೇರೆ.

ಕಿರಾಣಿ ಅಂಗಡಿಯಲ್ಲಿಯೂ ಸಿಗುವ ಅಗ್ಗದ ಸತು-ಇಂಗಾಲದ ಸೆಲ್ ಗಡಿಯಾರಕ್ಕೆ ತಕ್ಕುದು. ರಾತ್ರಿ ದೀಪದ ಹೊರೆಯನ್ನು ಅದು ತಾಳಲಾರದು. ಮೇಲೆ ಹೇಳಿದ ತೋಟದಲ್ಲಿ ಬಳಸುತ್ತಿದ್ದುದು ಇದನ್ನೇ. ಆಲ್ಕಲೈನ್ ಸೆಲ್ ಅದಕ್ಕಿಂತ ಬಹಳ ಮೇಲು. ಆದರೆ ಅದರ ವೋಲ್ಟೇಜು 1.5ರಿಂದ ಆರಂಭವಾಗಿ ಇಳಿಜಾರಿನಂತೆ ಇಳಿಯುತ್ತ ಹೋಗುತ್ತದೆ. ಆದುದರಿಂದ ಸೆಲ್ಲು ಅರ್ಧ ಮುಗಿಯುವ ಹೊತ್ತಿಗೆ ಹಗಲಿನ ಚಿತ್ರಗಳು ಸರಿಯಾಗಿ ಬರುತ್ತಿದ್ದರೂ ರಾತ್ರಿಯ ಚಿತ್ರಗಳು ಮಂಕಾಗುವ, ಅಥವಾ ದೀಪ ಹೊತ್ತಿದೊಡನೆ ಕ್ಯಾಮೆರಾ ಆರಿಹೋಗುವ ಸಂದರ್ಭ ಉಂಟು. ಮುಗಿದ ಸೆಲ್ಲನ್ನು ಮಳೆಗಾಲದಲ್ಲಿ ಒಳಗೇ ಬಿಟ್ಟರೆ ಸೋರಿ, ಅದರ ಕ್ಷಾರವು ಒಳಗಿನ ಸ್ಪ್ರಿಂಗುಗಳನ್ನು ತಿನ್ನುತ್ತದೆ.

ಮೂರನೆಯದು ಒಮ್ಮೆ ಮಾತ್ರ ಬಳಸುವ ಲಿಥಿಯಂ ಸೆಲ್. ಇದು 1.5 ವೋಲ್ಟಿನದೇ, ಹಗುರ, ಕೊನೆಯವರೆಗೂ ವೋಲ್ಟೇಜು ಬಹುಮಟ್ಟಿಗೆ ಸಮವಾಗಿರುತ್ತದೆ, ಸೋರುವುದು ಅಪರೂಪ. ಅಮೆರಿಕದ ಬೇಟೆಗಾರರು ಇದನ್ನು ಬಹಳ ಹೊಗಳುವುದಕ್ಕೆ ಅಲ್ಲಿಯ ಚಳಿಯೂ ಒಂದು ಕಾರಣ. ಹಿಮ ಬೀಳುವಲ್ಲಿ ಆಲ್ಕಲೈನ್ ಸೆಲ್ ಅರೆಜೀವವಾಗುತ್ತದೆ. ಲಿಥಿಯಂ ಸೆಲ್ ಸೊನ್ನೆಗಿಂತ 40 ಡಿಗ್ರಿ ಕೆಳಗೂ ಕೆಲಸ ಮಾಡುತ್ತದೆ. ನಮ್ಮ ದೇಶದಲ್ಲಿಯೂ 2024ರ ಜನವರಿಯಲ್ಲಿ ಪ್ರಕಟವಾದ ಹಿಮ ಚಿರತೆಗಳ ಅಂದಾಜಿಗಾಗಿ ಹಿಮಾಲಯದ 1,971 ಸ್ಥಳಗಳಲ್ಲಿ ಕ್ಯಾಮೆರಾಗಳನ್ನಿಟ್ಟಿದ್ದರು. ಅಂತಹ ಕಡೆ ಆ ಗುಣಕ್ಕೆ ಬೆಲೆಯುಂಟು. ಮಲೆನಾಡಿನ ಮಾಗಿಚಳಿಗೆ ಆ ಗುಣಕ್ಕಾಗಿಯೇ ಹಣ ಕೊಡುವುದು ವ್ಯರ್ಥ.

ನಾಲ್ಕನೆಯದು ನಿಕ್ಕಲ್-ಮೆಟಲ್ ಹೈಡ್ರೈಡ್ ಎಂಬ ರೀಚಾರ್ಜಬಲ್ ಸೆಲ್. ಹಿಂದೆ ಇದರ ದೊಡ್ಡ ದೋಷವೆಂದರೆ ಸುಮ್ಮನೆ ಇಟ್ಟರೂ ಕೆಲವು ವಾರಗಳಲ್ಲಿ ತಾನಾಗಿಯೇ ಬರಿದಾಗುವುದು. 2005ರಲ್ಲಿ ಜಪಾನಿನ ಸ್ಯಾನ್ಯೋ ಸಂಸ್ಥೆ ‘ಎನಿಲೂಪ್’ ಎಂಬ ಹೆಸರಿನಲ್ಲಿ ಈ ದೋಷವನ್ನು ಬಹುವಾಗಿ ಕಡಿಮೆ ಮಾಡಿದ ಸೆಲ್ಲನ್ನು ತಂದಿತು. ಈಗ ಆ ಬಗೆಯವನ್ನು ಬೇರೆ ಕಂಪನಿಗಳೂ ತಯಾರಿಸುತ್ತವೆ. ಕ್ಯಾಮೆರಾಕ್ಕೆ ಈ ಬಗೆಯದೇ ಬೇಕು. ಇದರ ವೋಲ್ಟೇಜು 1.2 ಮಾತ್ರ. ಎಂಟು ಸೆಲ್ಲುಗಳು ಸಾಲಾಗಿ ಕೂಡಿದರೆ 12 ವೋಲ್ಟಿನ ಬದಲು 9.6 ವೋಲ್ಟ್. ಕೆಲವು ಕ್ಯಾಮೆರಾಗಳು ಇದನ್ನು ಕಂಡು ‘ಬ್ಯಾಟರಿ ಮುಗಿಯಿತು’ ಎಂದು ತಪ್ಪಾಗಿ ತಿಳಿದು ನಿಂತುಬಿಡುತ್ತವೆ. ಆದುದರಿಂದ ಕ್ಯಾಮೆರಾದೊಂದಿಗೆ ಬಂದ ಕೈಪಿಡಿಯಲ್ಲಿ ಈ ಸೆಲ್ಲಿಗೆ ಅನುಮತಿ ಇದೆಯೇ ಎಂದು ಮೊದಲು ನೋಡತಕ್ಕದ್ದು. ಅನುಮತಿ ಇದ್ದಲ್ಲಿ, ರಾತ್ರಿ ದೀಪದ ದಿಢೀರ್ ಹೊರೆಯನ್ನು ಇದು ಆಲ್ಕಲೈನ್‌ಗಿಂತ ಚೆನ್ನಾಗಿ ಹೊರುತ್ತದೆ.

ಲೆಕ್ಕ

ಈಗ ನನ್ನ ವೃತ್ತಿಗೆ ಸೇರಿದ ಭಾಗ. ಸೆಲ್ಲಿನ ಬೆಲೆಯನ್ನು ಸೆಲ್ಲಿಗಿಷ್ಟು ಎಂದು ನೋಡುವುದು ತಪ್ಪು. ಕ್ಯಾಮೆರಾ ಕೆಲಸ ಮಾಡಿದ ಒಂದು ರಾತ್ರಿಗೆ ಇಷ್ಟು ಎಂದು ನೋಡಬೇಕು. ಸೆಲ್ ಬದಲಿಸಲು ಹೋಗುವ ಆಳಿನ ಅರ್ಧ ದಿನದ ಕೂಲಿಯನ್ನೂ ಅದರಲ್ಲಿ ಸೇರಿಸಬೇಕು. ಕೆಳಗಿನ ಬೆಲೆಗಳು ಮತ್ತು ದಿನಗಳು ಲೆಕ್ಕಕ್ಕಾಗಿ ನಾನು ಹಿಡಿದವು. ಓದುಗರು ತಮ್ಮ ಊರಿನ ಬೆಲೆಯನ್ನೂ ತಮ್ಮ ಕ್ಯಾಮೆರಾದ ಅನುಭವವನ್ನೂ ಅಲ್ಲಿ ಹಾಕಿಕೊಳ್ಳತಕ್ಕದ್ದು.

ನಾಲ್ಕು ಕ್ಯಾಮೆರಾ, ಒಂದೊಂದಕ್ಕೆ ಎಂಟು ಸೆಲ್. ಒಂದು ಸುತ್ತಿನ ಕೂಲಿ 250 ರೂಪಾಯಿ, ಅಂದರೆ ಕ್ಯಾಮೆರಾವೊಂದಕ್ಕೆ ರೂ. 62.50. ಸತು-ಇಂಗಾಲದ ಸೆಲ್ ರೂ. 12ರಂತೆ ಎಂಟಕ್ಕೆ ರೂ. 96, ಕೂಲಿ ಸೇರಿ ರೂ. 158.50, ಹನ್ನೆರಡು ರಾತ್ರಿ ಬಂದರೆ ರಾತ್ರಿಗೆ ರೂ. 13.21. ಆಲ್ಕಲೈನ್ ರೂ. 35ರಂತೆ ರೂ. 280, ಕೂಲಿ ಸೇರಿ ರೂ. 342.50, ಅರುವತ್ತು ರಾತ್ರಿಗೆ ಹಂಚಿದರೆ ರೂ. 5.71. ಲಿಥಿಯಂ ರೂ. 225ರಂತೆ ರೂ. 1,800, ಕೂಲಿ ಸೇರಿ ರೂ. 1,862.50, ನೂರೈವತ್ತು ರಾತ್ರಿಗೆ ಹಂಚಿದರೆ ರೂ. 12.42.

ಎಲ್ಲಕ್ಕಿಂತ ಅಗ್ಗವೆಂದು ಕೊಂಡ ಸೆಲ್ಲು, ಎಲ್ಲಕ್ಕಿಂತ ದುಬಾರಿಯೆಂದು ಬಿಟ್ಟ ಸೆಲ್ಲಿಗಿಂತಲೂ ರಾತ್ರಿಗೆ ಹೆಚ್ಚು ತಿನ್ನುತ್ತದೆ! ತೋಟದ ಮಾಲೀಕರು ಈ ಅಂಕಿಯನ್ನು ನಂಬದೆ ಕ್ಯಾಲ್ಕ್ಯುಲೇಟರ್ ತರಿಸಿ ತಾವೇ ಮತ್ತೊಮ್ಮೆ ಭಾಗಿಸಿ ನೋಡಿದರು.

ರೀಚಾರ್ಜಬಲ್ ಸೆಲ್ಲಿನ ಲೆಕ್ಕ ಸ್ವಲ್ಪ ಸುತ್ತು. ಒಂದೇ ಸುತ್ತಿನಲ್ಲಿ ಎಲ್ಲವನ್ನೂ ಬದಲಿಸಬೇಕಾದರೆ ಇಮ್ಮಡಿ ಸೆಲ್ಲುಗಳಿರಬೇಕು: 64 ಸೆಲ್, ರೂ. 300ರಂತೆ ರೂ. 19,200; ಒಳ್ಳೆಯ ಚಾರ್ಜರಿಗೆ ರೂ. 1,800, ಒಟ್ಟು ಬಂಡವಾಳ ರೂ. 21,000. ಇದರ ಆಯುಷ್ಯ ಐದು ವರ್ಷ ಎಂದೂ, ಒಂದು ಸಲ ತುಂಬಿದರೆ ಐವತ್ತು ರಾತ್ರಿ ಎಂದೂ ಹಿಡಿಯೋಣ. ಐದು ವರ್ಷದಲ್ಲಿ ಕ್ಯಾಮೆರಾವೊಂದಕ್ಕೆ 36 ಬದಲಾವಣೆ, ನಾಲ್ಕಕ್ಕೆ 144. ಬದಲಾವಣೆಯೊಂದಕ್ಕೆ ಬಂಡವಾಳದ ಪಾಲು ರೂ. 145.83, ಕೂಲಿ ಸೇರಿ ರೂ. 208.33, ರಾತ್ರಿಗೆ ರೂ. 4.17. ಚಾರ್ಜಿಗೆ ತಗಲುವ ವಿದ್ಯುತ್ತು ಗಣನೆಗೆ ಬಾರದಷ್ಟು ಅಲ್ಪ.

ಇಲ್ಲಿ ಗಮನಿಸಬೇಕಾದುದೊಂದಿದೆ. ಪೊಟ್ಟಣದ ಮೇಲೆ ‘2100 ಸಲ ಚಾರ್ಜ್ ಮಾಡಬಹುದು’ ಎಂದು ಅಚ್ಚಾಗಿರುತ್ತದೆ. ಮೇಲಿನ ಲೆಕ್ಕದಂತೆ ಒಂದೊಂದು ಸೆಲ್ಲು ಐದು ವರ್ಷದಲ್ಲಿ ಚಾರ್ಜಾಗುವುದು ಹದಿನೆಂಟೇ ಸಲ. ಉಳಿದ ಎರಡು ಸಾವಿರವೂ, ವರ್ಷಕ್ಕೊಮ್ಮೆ ಮಾತ್ರ ಓಡುವ ಪಲ್ಪರ್ ಯಂತ್ರದ ಸಾಮರ್ಥ್ಯದಂತೆ, ಬಳಕೆಯಾಗದೆ ಉಳಿಯುತ್ತದೆ. ಆದುದರಿಂದ 500 ಸಲದ್ದು, 2100 ಸಲದ್ದು ಎಂಬ ಭೇದಕ್ಕೆ ಹೆಚ್ಚು ಹಣ ತೆರುವುದರಲ್ಲಿ ಅರ್ಥವಿಲ್ಲ. ಹಾಗೆಯೇ ಒಂದೇ ಕ್ಯಾಮೆರಾ ಇರುವವರಿಗೆ, ಸುತ್ತಿನ ಪೂರ್ತಿ ಕೂಲಿ ಅದೊಂದರ ಮೇಲೆಯೇ ಬೀಳುವುದರಿಂದ, ಆಲ್ಕಲೈನ್‌ಗೆ ರೂ. 8.83, ರೀಚಾರ್ಜಬಲ್‌ಗೆ ರೂ. 8.67 ಬರುತ್ತದೆ. ಹದಿನಾರು ಪೈಸೆಯ ಉಳಿತಾಯಕ್ಕಾಗಿ ಆರೂವರೆ ಸಾವಿರ ಮೊದಲೇ ಹೂಡುವಂತೆ ನಾನು ಯಾರಿಗೂ ಸಲಹೆ ಕೊಡಲಾರೆ.

ಲಿಥಿಯಂ ಸೆಲ್ಲಿನ ಸ್ಥಾನ ಬೇರೆ. ಮಳೆಗಾಲದಲ್ಲಿ ಇಂಬಳಗಳ ನಡುವೆ ಎರಡು ಗಂಟೆ ನಡೆದು ತಲುಪಬೇಕಾದ ಕಾಡಂಚಿನ ಕ್ಯಾಮೆರಾಕ್ಕೆ ಒಂದು ಭೇಟಿಯ ವೆಚ್ಚ 62 ರೂಪಾಯಿಯಲ್ಲ. ಇಬ್ಬರ ಪೂರ್ತಿ ದಿನದ ಕೂಲಿ, ಅದರ ಮೇಲೆ ಆನೆ ಎದುರಾಗುವ ಭಯ. ಅಲ್ಲಿ ಐದು ತಿಂಗಳಿಗೊಮ್ಮೆ ಹೋದರೆ ಸಾಕೆಂಬುದೇ ಲಾಭ. ಪ್ರತಿದಿನವೂ ಆಳು ಕಾರ್ಡ್ ತೆಗೆಯಲು ಹೋಗಿಯೇ ಹೋಗುವ ಜಾಗದಲ್ಲಿ ಈ ಸೆಲ್ಲು ಹಾಕುವುದು ದುಂದು.

ಪೊಟ್ಟಣದ ಮೇಲಿನ ಅಂಕಿಗಳು

‘5000 ಮಿಲಿ ಆಂಪಿಯರ್-ಗಂಟೆ’ ಎಂದು ಬರೆದ ರೀಚಾರ್ಜಬಲ್ ಪೆನ್ಸಿಲ್ ಸೆಲ್ಲುಗಳು ಅಗ್ಗದ ಬೆಲೆಗೆ ಮಾರಾಟವಾಗುತ್ತಿವೆ. ಈ ಗಾತ್ರದ ನಿಕ್ಕಲ್ ಸೆಲ್ಲಿನಲ್ಲಿ 2700–2800ಕ್ಕಿಂತ ಹೆಚ್ಚು ಹಿಡಿಸುವುದು ಸಾಧ್ಯವೇ ಇಲ್ಲ. ಅಂಕಿ ಅದಕ್ಕಿಂತ ಮೇಲಿದ್ದರೆ ಆ ಸರಕನ್ನು ಅಂಗಡಿಯೊಳಗೆ ಸೇರಿಸಬಾರದೆಂದು ವರ್ತಕ ಮಿತ್ರರಲ್ಲಿ ನನ್ನ ವಿನಂತಿ. ಚಿನಿವಾರರ ತಕ್ಕಡಿ ಇದ್ದರೆ ತೂಗಿಯೂ ನೋಡಬಹುದು: 2000ದ ಒಳ್ಳೆಯ ನಿಕ್ಕಲ್ ಸೆಲ್ ಸುಮಾರು 26–27 ಗ್ರಾಂ ತೂಗುತ್ತದೆ. ಹದಿನೆಂಟು ಗ್ರಾಂ ತೂಗುವುದರಲ್ಲಿ ಸರಕು ತುಂಬಿಲ್ಲವೆಂದೇ ತಿಳಿಯಬೇಕು. ಲಿಥಿಯಂ ಸೆಲ್ ಮಾತ್ರ ಇದಕ್ಕೆ ಹೊರತು. ಅದು ಸಹಜವಾಗಿಯೇ 15 ಗ್ರಾಂ. ಅದನ್ನು ಪರೀಕ್ಷಿಸಲು ಮೀಟರ್ ಹಿಡಿಯಬೇಕು. ಹೊಸತಿದ್ದಾಗ 1.7 ವೋಲ್ಟಿಗಿಂತ ಹೆಚ್ಚು ತೋರಬೇಕು.

ಯು.ಎಸ್.ಬಿ. ತಂತಿಯಿಂದ ಚಾರ್ಜ್ ಮಾಡುವ, 1.5 ವೋಲ್ಟಿನ ಲಿಥಿಯಂ-ಅಯಾನ್ ಪೆನ್ಸಿಲ್ ಸೆಲ್ಲುಗಳೂ ಈಗ ಬಂದಿವೆ. ಇವುಗಳ ಮೇಲೆ ‘3000’ ಎಂಬ ದೊಡ್ಡ ಅಂಕಿಯ ಪಕ್ಕದಲ್ಲಿ ಚಿಕ್ಕ ಅಕ್ಷರಗಳಲ್ಲಿ ಮಿಲಿ ವ್ಯಾಟ್-ಗಂಟೆ ಎಂದಿರುತ್ತದೆ. ಅದನ್ನು 1.5ರಿಂದ ಭಾಗಿಸಿದರೆ 2000 ಮಿಲಿ ಆಂಪಿಯರ್-ಗಂಟೆ ಮಾತ್ರ. ಡಾಲರಿನ ಅಂಕಿಯನ್ನೂ ರೂಪಾಯಿಯ ಅಂಕಿಯನ್ನೂ ಒಂದೇ ಕಾಲಮ್ಮಿನಲ್ಲಿ ಕೂಡಿದಂತೆ ಇವೆರಡನ್ನು ಹೋಲಿಸಬಾರದು. ಇದಲ್ಲದೆ ಈ ಸೆಲ್ಲುಗಳು ಕೊನೆಯವರೆಗೂ 1.5 ವೋಲ್ಟನ್ನೇ ತೋರಿಸಿ ಒಮ್ಮೆಲೇ ನಿಲ್ಲುವುದರಿಂದ, ಕ್ಯಾಮೆರಾದ ಬ್ಯಾಟರಿ ಸೂಚಕ ಕೊನೆಯ ದಿನವೂ ‘ಭರ್ತಿ’ ಎಂದೇ ಹೇಳುತ್ತಿರುತ್ತದೆ. ಒಂದು ಖಾಲಿ ಚಿತ್ರದಿಂದ ಜೀವಕ್ಕೆ ಅಪಾಯ ಬರಬಹುದಾದ ಜಾಗದಲ್ಲಿ ಇವನ್ನು ನಾನು ಹಾಕಿಸಲಾರೆ.

ಸೌರಫಲಕದ ಬಗ್ಗೆ ಒಂದೇ ಮಾತು: ಸಿಲ್ವರ್ ಓಕ್ ನೆರಳಿನ ಕಾಫಿ ತೋಟದಲ್ಲಿ, ಅದರಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅದು ಅಲಂಕಾರಕ್ಕೆ ಮಾತ್ರ. ಹೊರಗಿನ 12 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿ ಅಗ್ಗವೂ ಹೌದು, ಬಾಳಿಕೆಯದೂ ಹೌದು. ಆದರೆ ಕ್ಯಾಮೆರಾದ ಹೊರ ಜೋಡಣೆ 6 ವೋಲ್ಟಿನದೋ 12 ವೋಲ್ಟಿನದೋ ಎಂದು ನೋಡಿಕೊಳ್ಳಬೇಕು, ತಂತಿಯನ್ನು ಆನೆ ಎಳೆಯದಂತೆ ಹೂಳಬೇಕು.

ಬಳಕೆಯ ನಿಯಮಗಳು

ಹಳೆಯ ಸೆಲ್ಲಿನೊಡನೆ ಹೊಸತನ್ನಾಗಲಿ, ಒಂದು ಜಾತಿಯೊಡನೆ ಮತ್ತೊಂದನ್ನಾಗಲಿ ಬೆರೆಸಬಾರದು. ಸಾಲಿನಲ್ಲಿರುವ ದುರ್ಬಲ ಸೆಲ್ಲೊಂದು ಉಳಿದ ಏಳನ್ನೂ ನಿಷ್ಪ್ರಯೋಜಕವಾಗಿಸುತ್ತದೆ, ತಾನೂ ಸೋರುತ್ತದೆ. ಎಂಟರ ಒಂದೊಂದು ಜೋಡಿಗೆ ಬಣ್ಣದ ಗುರುತು ಹಾಕಿ, ಅವು ಸದಾ ಒಟ್ಟಿಗೇ ಚಾರ್ಜಾಗಿ ಒಟ್ಟಿಗೇ ಕಾಡಿಗೆ ಹೋಗುವಂತೆ ನೋಡಿಕೊಳ್ಳಬೇಕು. ಚಾರ್ಜರು ಒಂದೊಂದು ಸೆಲ್ಲನ್ನೂ ಪ್ರತ್ಯೇಕವಾಗಿ ತುಂಬುವಂತಹುದಿರಬೇಕು.

ಜಿ.ಎಸ್.ಟಿ. ವಿಚಾರ: ಲಿಥಿಯಂ-ಅಯಾನ್ ಬ್ಯಾಟರಿಗಳಿಗೆ 2018ರಿಂದಲೇ ಶೇ. 18ರ ದರವಿದ್ದು, ನಿಕ್ಕಲ್ ಸೇರಿದಂತೆ ಇತರ ರೀಚಾರ್ಜಬಲ್ ಬ್ಯಾಟರಿಗಳ ದರ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿಯಿತು. ಹುರಿಯದ ಕಾಫಿ ಬೀಜ ತೆರಿಗೆಯಿಂದ ವಿನಾಯಿತಿ ಪಡೆದಿರುವುದರಿಂದ ಅದನ್ನಷ್ಟೇ ಮಾರುವ ಬೆಳೆಗಾರರಿಗೆ ಈ ತೆರಿಗೆಯ ಹುಟ್ಟುವಳಿ ಜಮೆ ದೊರೆಯದು. ಅವರು ತೆರಿಗೆ ಸೇರಿದ ಬೆಲೆಯನ್ನೇ ಲೆಕ್ಕಕ್ಕೆ ಹಿಡಿಯಬೇಕು.

ಮುಗಿದ ಸೆಲ್ಲುಗಳನ್ನು ತೋಟದ ಗೊಬ್ಬರಗುಂಡಿಗೆ ಎಸೆಯುವ ಅಭ್ಯಾಸ ನಿಲ್ಲಬೇಕು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಪೆನ್ಸಿಲ್ ಸೆಲ್ಲಿಗೂ ಅನ್ವಯಿಸುತ್ತವೆ. ಅವುಗಳನ್ನು ಇತರ ಕಸದಿಂದ ಬೇರೆಯಾಗಿಡುವುದು ಬಳಕೆದಾರನ ಹೊಣೆ. ನಮ್ಮ ಪಟ್ಟಣದ ಅಂಗಡಿಗಳಲ್ಲಿ ಹಳೆಯ ಸೆಲ್ ಹಾಕಲು ಒಂದು ಡಬ್ಬಿ ಇಟ್ಟರೆ, ಹಳೆಯದನ್ನು ಹಾಕಲು ಬಂದ ಗಿರಾಕಿ ಹೊಸದನ್ನೂ ಅಲ್ಲಿಯೇ ಕೊಳ್ಳುತ್ತಾನೆ.

ಮೇಲೆ ಹೇಳಿದ ತೋಟದಲ್ಲಿ ಈಗ ಮೂರು ಕ್ಯಾಮೆರಾಗಳಿಗೆ ರೀಚಾರ್ಜಬಲ್, ಕಾಡಂಚಿನ ಒಂದಕ್ಕೆ ಲಿಥಿಯಂ. ಹೆಚ್ಚಿನ ಕ್ಯಾಮೆರಾಗಳಲ್ಲಿ ನಿಗದಿತ ವೇಳೆಗೆ ತಾನಾಗಿಯೇ ಚಿತ್ರ ತೆಗೆಯುವ ಸೌಲಭ್ಯವಿರುತ್ತದೆ. ಅದನ್ನು ಪ್ರತಿ ಸಂಜೆ ಆರಕ್ಕೂ ಬೆಳಗಿನ ಜಾವ ಐದಕ್ಕೂ ಹೊಂದಿಸಿದ್ದಾರೆ. ಆ ಎರಡು ಚಿತ್ರಗಳು ಇದ್ದರೆ ಮಾತ್ರ ರೈಟರು ಪುಸ್ತಕದಲ್ಲಿ ‘ಆನೆ ಇಲ್ಲ’ ಎಂದು ಬರೆಯುತ್ತಾರೆ. ಇಲ್ಲದಿದ್ದರೆ ಆ ಕಾಲಮ್ಮಿನಲ್ಲಿ ‘ತಿಳಿಯದು’ ಎಂದು ಬರೆದು, ಅಂದು ಹಳ್ಳದ ದಾರಿಯನ್ನು ಮುಚ್ಚುತ್ತಾರೆ.